ಗೆರೆಯಾಚೆಯ ಗುರು

ಪಂದ್ಯವನ್ನು ನೋಡುವವರ ಕಣ್ಣುಗಳೆಲ್ಲವೂ ಆಟಗಾರರ ಮೇಲಿರುತ್ತವೆ. ಮೈದಾನದ ಗೆರೆಯ ಆಚೆ ಕುಳಿತು ಪ್ರತಿಯೊಂದು ಚಲನೆಯನ್ನೂ ಮೌನವಾಗಿ ಗಮನಿಸುವ ವ್ಯಕ್ತಿಯನ್ನು ನೋಡುವವರು ವಿರಳ. ಆತನೇ ತರಬೇತುದಾರ. ಗೆದ್ದಾಗ ಹಾರ ಆಟಗಾರನ ಕೊರಳಿಗೆ. ಸೋತಾಗ ದೂರು ತರಬೇತುದಾರನ ತಲೆಗೆ. ಹಾಗಾದರೆ ಆತನ ಸಾಧನೆಯನ್ನು ಅಳೆಯುವುದು ಹೇಗೆ? ಗೆಲುವು ಸೋಲುಗಳ ಲೆಕ್ಕವೊಂದೇ ಸಾಕೆ?

ಬ್ಯಾಸ್ಕೆಟ್‌ಬಾಲ್ ಆಟದ ಇತಿಹಾಸದಲ್ಲಿ ಇದಕ್ಕೊಂದು ಸ್ವಾರಸ್ಯಕರವಾದ ಉತ್ತರವಿದೆ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಜೇಮ್ಸ್ ನೇಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲೆಂದು, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ ಈ ಆಟವನ್ನು ರೂಪಿಸಿದರು. ಮುಂದೆ ಅವರು ಕಾನ್ಸಾಸ್ ವಿಶ್ವವಿದ್ಯಾಲಯದ ತಂಡಕ್ಕೆ ತರಬೇತುದಾರರಾದರು. ಅಲ್ಲಿ ಅವರ ತಂಡ ಗೆದ್ದ ಪಂದ್ಯಗಳು 55, ಸೋತವು 60! ಆಟವನ್ನು ಸೃಷ್ಟಿಸಿದವರ ಲೆಕ್ಕದಲ್ಲಿಯೇ ಸೋಲು ಹೆಚ್ಚು. ಆದರೆ ಅವರಿಂದ ಕಲಿತ ಫಾರೆಸ್ಟ್ ಅಲೆನ್ ಆ ಆಟದ ಶ್ರೇಷ್ಠ ತರಬೇತುದಾರರಲ್ಲೊಬ್ಬರೆನಿಸಿದರು. ಗುರುವಿನ ಗೆಲುವು ಕೆಲವೊಮ್ಮೆ ಶಿಷ್ಯನ ಹೆಸರಿನಲ್ಲಿ ಬರೆಯಲ್ಪಡುತ್ತದೆ.

ಇಂತಹ ಗುರುವೊಬ್ಬರು ನಮ್ಮ ನಾಡಿನಲ್ಲಿಯೂ ಇದ್ದಾರೆ. ಅವರೇ ರಾಹುಲ್ ದ್ರಾವಿಡ್. 1973ರಲ್ಲಿ ಇಂದೋರಿನಲ್ಲಿ ಜನಿಸಿ, ಬೆಂಗಳೂರಿನಲ್ಲಿ ಬೆಳೆದು, ಕರ್ನಾಟಕಕ್ಕಾಗಿ ಆಡಿ, 164 ಟೆಸ್ಟ್ ಪಂದ್ಯಗಳಲ್ಲಿ 13,288 ಓಟಗಳನ್ನು ಗಳಿಸಿದ ದ್ರಾವಿಡರನ್ನು ಬ್ಯಾಟುಗಾರರಾಗಿ ಅರಿಯದವರಿಲ್ಲ. ಆದರೆ ಆಟಗಾರರಾಗಿ ವಿಶ್ವಕಪ್ಪನ್ನು ಎತ್ತಿಹಿಡಿಯುವ ಭಾಗ್ಯ ಅವರಿಗೆ ಒದಗಲಿಲ್ಲ. 2003ರ ಅಂತಿಮ ಪಂದ್ಯದಲ್ಲಿ ಭಾರತ ಸೋತಿತು. 2007ರಲ್ಲಿ ಅವರ ನಾಯಕತ್ವದ ತಂಡವು ವೆಸ್ಟ್ ಇಂಡೀಸ್ ನೆಲದಲ್ಲಿ ಮೊದಲ ಸುತ್ತಿನಲ್ಲಿಯೇ ಹೊರಬಿದ್ದಿತು.

2012ರಲ್ಲಿ ನಿವೃತ್ತರಾದ ಅವರು 2015ರಲ್ಲಿ ಭಾರತ ‘ಎ’ ಮತ್ತು 19 ವರ್ಷದೊಳಗಿನವರ ತಂಡಗಳ ತರಬೇತಿಯ ಹೊಣೆಯನ್ನು ಒಪ್ಪಿಕೊಂಡರು. ಕೀರ್ತಿವಂತನಾದ ಆಟಗಾರನೊಬ್ಬ ಎಳೆಯ ಹುಡುಗರ ನಡುವೆ ದುಡಿಯಲು ಬಂದುದೇ ಒಂದು ವಿಶೇಷ. ‘ಎ’ ತಂಡದೊಡನೆ ಪ್ರವಾಸ ಹೊರಡುವ ಪ್ರತಿಯೊಬ್ಬನಿಗೂ ಕನಿಷ್ಠ ಒಂದು ಪಂದ್ಯದಲ್ಲಾದರೂ ಆಡುವ ಅವಕಾಶ ದೊರೆಯಬೇಕೆಂಬುದು ಅವರ ನಿಯಮವಾಗಿತ್ತು. ಪ್ರವಾಸದುದ್ದಕ್ಕೂ ಆಡದೆ ಕುಳಿತು ಹಿಂತಿರುಗುವ ಹುಡುಗನ ಸಂಕಟವನ್ನು ಅವರು ತಮ್ಮ ಎಳವೆಯ ಅನುಭವದಿಂದಲೇ ಬಲ್ಲವರಾಗಿದ್ದರು. ಗೆಲುವಿಗಿಂತ ಬೆಳವಣಿಗೆ ಮುಖ್ಯವೆಂಬ ಈ ನಿಲುವನ್ನು ಹೇಳುವುದು ಸುಲಭ, ಪಾಲಿಸುವುದು ಕಷ್ಟ.

2016ರ ಕಿರಿಯರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಅವರ ತಂಡ ಸೋತಿತು. 2018ರ ಫೆಬ್ರವರಿ 3ರಂದು ನ್ಯೂಜಿಲೆಂಡಿನಲ್ಲಿ ಆಸ್ಟ್ರೇಲಿಯವನ್ನು ಎಂಟು ವಿಕೆಟ್ಟುಗಳಿಂದ ಸೋಲಿಸಿ ಪ್ರಶಸ್ತಿಯನ್ನು ಗೆದ್ದಿತು. ಆಗ ಕ್ರಿಕೆಟ್ ಮಂಡಳಿಯು ದ್ರಾವಿಡರಿಗೆ 50 ಲಕ್ಷ, ಆಟಗಾರರಿಗೆ ತಲಾ 30 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿಗಳ ಬಹುಮಾನವನ್ನು ಘೋಷಿಸಿತು. ದ್ರಾವಿಡರ ಮನಸ್ಸು ಇದನ್ನು ಒಪ್ಪಲಿಲ್ಲ. ದುಡಿಮೆಯಲ್ಲಿ ಸಮಭಾಗಿಗಳಾದವರಿಗೆ ಬಹುಮಾನದಲ್ಲಿ ಭೇದವೇಕೆಂದು ಅವರು ಮಂಡಳಿಯ ಮುಂದೆ ತಮ್ಮ ಅಭಿಪ್ರಾಯವನ್ನು ಇಟ್ಟರು. ಕೊನೆಗೆ ಅವರೂ ಸಿಬ್ಬಂದಿಯೂ ತಲಾ 25 ಲಕ್ಷದಂತೆ ಸಮನಾಗಿ ಪಡೆದರು. ತಮ್ಮ ಪಾಲಿನ ಅರ್ಧವನ್ನು ಬಿಟ್ಟುಕೊಟ್ಟು ನೀಡಿದ ಈ ಪಾಠ ಯಾವ ಉಪದೇಶಕ್ಕೂ ಕಡಮೆಯಲ್ಲ.

2019ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಮುಖ್ಯಸ್ಥರಾದ ಅವರು 2021ರ ನವೆಂಬರಿನಲ್ಲಿ ಭಾರತ ತಂಡದ ಮುಖ್ಯ ತರಬೇತುದಾರರಾದರು. ದಾರಿ ಹೂವಿನದಾಗಿರಲಿಲ್ಲ. 2022ರ ಇಪ್ಪತ್ತು ಓವರುಗಳ ವಿಶ್ವಕಪ್ಪಿನ ಉಪಾಂತ್ಯದಲ್ಲಿ ಇಂಗ್ಲೆಂಡಿನ ಎದುರು ಹತ್ತು ವಿಕೆಟ್ಟುಗಳ ಸೋಲು. 2023ರ ಜೂನ್‌ನಲ್ಲಿ ಟೆಸ್ಟ್ ವಿಶ್ವ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯದಲ್ಲಿ ಸೋಲು. ಅದೇ ವರ್ಷದ ವಿಶ್ವಕಪ್ಪಿನಲ್ಲಿ ಸತತವಾಗಿ ಹತ್ತು ಪಂದ್ಯಗಳನ್ನು ಗೆದ್ದ ತಂಡ ನವೆಂಬರ್ 19ರಂದು ಅಹಮದಾಬಾದಿನ ಅಂತಿಮ ಪಂದ್ಯದಲ್ಲಿ ಆಸ್ಟ್ರೇಲಿಯಕ್ಕೆ ಮಣಿಯಿತು. ದ್ರಾವಿಡರ ಒಪ್ಪಂದದ ಅವಧಿಯೂ ಆ ಪಂದ್ಯಾವಳಿಯೊಡನೆ ಮುಗಿದಿತ್ತು. ಗೌರವದಿಂದ ದೂರ ಸರಿಯಲು ಅದು ತಕ್ಕ ಗಳಿಗೆ. ಆದರೆ ನಾಯಕ ರೋಹಿತ್ ಶರ್ಮ ದೂರವಾಣಿಯಲ್ಲಿ ಮಾತನಾಡಿ ಮುಂದುವರಿಯುವಂತೆ ಕೋರಿದರು. ಗುರು ಶಿಷ್ಯನ ಮಾತನ್ನು ಮನ್ನಿಸಿದರು.

2024ರ ಜೂನ್ 29ರಂದು ವೆಸ್ಟ್ ಇಂಡೀಸಿನ ಬಾರ್ಬಡೋಸ್‌ನಲ್ಲಿ ಇಪ್ಪತ್ತು ಓವರುಗಳ ವಿಶ್ವಕಪ್ಪಿನ ಅಂತಿಮ ಪಂದ್ಯ. ದಕ್ಷಿಣ ಆಫ್ರಿಕಕ್ಕೆ ಉಳಿದ 30 ಚೆಂಡುಗಳಲ್ಲಿ 30 ಓಟಗಳಷ್ಟೇ ಬೇಕಾಗಿದ್ದವು. ಕೈಯಲ್ಲಿ ಆರು ವಿಕೆಟ್ಟುಗಳಿದ್ದವು. ಅಲ್ಲಿಂದಲೂ ಧೃತಿಗೆಡದೆ ಹೋರಾಡಿದ ಭಾರತ ಏಳು ಓಟಗಳಿಂದ ಗೆದ್ದಿತು. ವಿಶ್ವಕಪ್ಪು ಕೈಗೆ ಬಂದಾಗ, ಸದಾ ಸಂಯಮಿಯೆನಿಸಿದ ದ್ರಾವಿಡರು ಮಗುವಿನಂತೆ ಕೂಗಿ ನಲಿದರು. ಬಹುಮಾನ ಹಂಚುವಾಗ ಮಾತ್ರ ಹಿಂದಿನ ನಡೆಯನ್ನೇ ನಡೆದರು. ತಮಗೆ ಸಲ್ಲಬೇಕಾಗಿದ್ದ ಐದು ಕೋಟಿಗೆ ಬದಲಾಗಿ ಸಹ ತರಬೇತುದಾರರಷ್ಟೇ ಎರಡೂವರೆ ಕೋಟಿ ಸಾಕೆಂದರು.

ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿಯ ವಿಜಯನಗರದಲ್ಲಿ 2018ರಲ್ಲಿ ಆರಂಭವಾದ ಕ್ರೀಡಾ ಸಂಸ್ಥೆಯಲ್ಲಿ ಒಲಿಂಪಿಕ್ಸ್ ಮಟ್ಟದ ಆಟಗಾರರು ಅಭ್ಯಾಸ ಮಾಡುತ್ತಾರೆ. ಅದೇ ಜಿಲ್ಲೆಯ ಹಲಕುಂದಿಯಂತಹ ಊರುಗಳ ಮಕ್ಕಳಿಗೆ ಮೈದಾನವು ಈಗ ದೂರದ ಮಾತಲ್ಲ. ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ನಾಳೆ ಆಟಗಾರರಾಗಬಹುದು, ಎಲ್ಲರೂ ಆಗಲಾರಿರಿ. ಆದರೆ ತಂಡದಲ್ಲಿ ಆಡಲು ಸಿಗದೆ ಬೆಂಚಿನ ಮೇಲೆ ಕುಳಿತ ಗೆಳೆಯನಿಗೆ ಒಂದು ಅವಕಾಶ ಕೊಡಿಸುವುದು, ಜೊತೆಗೆ ದುಡಿದವರೊಡನೆ ಫಲವನ್ನು ಸಮನಾಗಿ ಹಂಚಿಕೊಳ್ಳುವುದು ಎಲ್ಲರಿಗೂ ಸಾಧ್ಯ. ಇವು ಯಾವ ಅಂಕಪಟ್ಟಿಯಲ್ಲಿಯೂ ಕಾಣದ ಗೆಲುವುಗಳು.

ಅಭ್ಯಾಸ

1. ನೇಸ್ಮಿತ್ ಅವರ ಗೆಲುವು ಸೋಲುಗಳ ಲೆಕ್ಕ ನಮಗೆ ಏನನ್ನು ತಿಳಿಸುತ್ತದೆ?
2. 2018ರ ಬಹುಮಾನದ ಹಂಚಿಕೆಯನ್ನು ದ್ರಾವಿಡರು ಏಕೆ ಒಪ್ಪಲಿಲ್ಲ?
3. ‘ಗೆಲುವಿಗಿಂತ ಬೆಳವಣಿಗೆ ಮುಖ್ಯ’ – ಈ ಮಾತನ್ನು ನಿಮ್ಮ ಶಾಲೆಯ ಆಟೋಟಗಳಿಗೆ ಅನ್ವಯಿಸಿ ಹತ್ತು ವಾಕ್ಯಗಳಲ್ಲಿ ಬರೆಯಿರಿ.