ಮೊದಲು ಅರ್ಜಿ, ನಂತರ ಪ್ರಬಂಧ: ಸಣ್ಣ ಉದ್ಯಮಿಗಳು ಅರಿಯಬೇಕಾದ ಕ್ರಮ

ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಗೂಡು ಬೇಯಿಸಿದ ನೀರನ್ನು ಸಾಮಾನ್ಯವಾಗಿ ಹೊರಚೆಲ್ಲಲಾಗುತ್ತದೆ. ರೇಷ್ಮೆ ಎಳೆಯಲ್ಲಿ ಸುಮಾರು ಶೇ. 20ರಿಂದ 30ರಷ್ಟಿರುವ ಸೆರಿಸಿನ್ ಎಂಬ ಅಂಟಿನ ಒಂದು ಅಂಶವು ಆ ನೀರಿನಲ್ಲಿ ಕರಗಿರುತ್ತದೆ. ಸೌಂದರ್ಯವರ್ಧಕಗಳಲ್ಲಿ ಬಳಕೆಯಾಗುವ ಈ ಪ್ರೋಟೀನನ್ನು ಕಡಿಮೆ ವೆಚ್ಚದಲ್ಲಿ ಮರಳಿ ಪಡೆಯುವ ಹೊಸ ವಿಧಾನವೊಂದನ್ನು ಘಟಕದ ಮಾಲೀಕರೊಬ್ಬರು ರಸಾಯನಶಾಸ್ತ್ರಜ್ಞರೊಬ್ಬರ ಜೊತೆಗೂಡಿ ರೂಪಿಸಿದರೆಂದು ಭಾವಿಸೋಣ. ಮುಂದಿನ ಸಮ್ಮೇಳನದಲ್ಲಿ ಪ್ರಬಂಧ ಮಂಡಿಸುವುದಾಗಿ ಶಾಸ್ತ್ರಜ್ಞರು ಹೇಳುತ್ತಾರೆ; ಮಾಲೀಕರು ಸಂತೋಷದಿಂದ ಒಪ್ಪುತ್ತಾರೆ. ಎಚ್ಚರ ವಹಿಸಬೇಕಾದುದು ಇಲ್ಲಿಯೇ.

ಪೇಟೆಂಟ್ ದೊರೆಯಬೇಕಾದರೆ ವಿಧಾನವು ಹೊಸದಾಗಿರಬೇಕು. ಸಭೆಯಲ್ಲಿ ಓದಿದ ಅಥವಾ ಮುದ್ರಿಸಿದ ವಿಧಾನವು ಸಾರ್ವಜನಿಕರ ಅರಿವಿಗೆ ಸೇರಿಬಿಡುತ್ತದೆ. 1970ರ ಪೇಟೆಂಟ್ ಕಾಯಿದೆಯ 31ನೇ ಕಲಮು ಒಂದು ರಿಯಾಯಿತಿ ನೀಡಿದೆ: ಸಂಶೋಧಕರು ವಿದ್ವತ್ ಸಂಸ್ಥೆಯ ಮುಂದೆ ಪ್ರಬಂಧ ಓದಿದ ಅಥವಾ ಅದರ ನಡಾವಳಿಯಲ್ಲಿ ಪ್ರಕಟಿಸಿದ 12 ತಿಂಗಳೊಳಗೆ ಅರ್ಜಿ ಸಲ್ಲಿಸಬಹುದು. ಆದರೆ ಯೂರೋಪಿನಲ್ಲಿ ಇಂತಹ ರಿಯಾಯಿತಿ ಇಲ್ಲ. ಅಲ್ಲಿಗೆ ರಫ್ತು ಮಾಡುವ ಉದ್ದೇಶವಿದ್ದವರು ಇದನ್ನು ನಂಬಿ ಕೂರುವಂತಿಲ್ಲ. ಸಮ್ಮೇಳನಕ್ಕೆ ಮುಂಚೆಯೇ ಹೊರಬರುವ ಸಾರಾಂಶ ಸಂಪುಟವೂ ಪ್ರಕಟಣೆಯೇ ಎಂಬುದನ್ನು ಮರೆಯಬಾರದು.

ಆದ್ದರಿಂದ ಅನುಸರಿಸಬೇಕಾದ ಕ್ರಮ ಹೀಗಿದೆ:

1. ಹುಡುಕಾಟ: ಸೆರಿಸಿನ್ ಕುರಿತು ಈಗಾಗಲೇ ಅನೇಕ ಪ್ರಬಂಧಗಳೂ ಪೇಟೆಂಟ್‌ಗಳೂ ಇವೆ. ತಮ್ಮ ವಿಧಾನದಲ್ಲಿ ಹೊಸದೇನೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

2. ಒಪ್ಪಂದ: ಹಕ್ಕು ಯಾರದು, ಪ್ರಕಟಣೆ ಯಾವಾಗ ಎಂಬುದನ್ನು ಕೆಲಸ ಆರಂಭಿಸುವ ಮುನ್ನವೇ ಲಿಖಿತ ರೂಪಕ್ಕೆ ತರಬೇಕು. ಚಿಂತಾಮಣಿಯ ರೇಷ್ಮೆ ಕೃಷಿ ಮಹಾವಿದ್ಯಾಲಯದಂತಹ ಸಂಸ್ಥೆಯ ನೆರವು ಪಡೆಯುವವರಿಗೂ ಇದು ಅನ್ವಯಿಸುತ್ತದೆ. ಹಣ ಒದಗಿಸಿದ ಮಾತ್ರಕ್ಕೆ ಮಾಲೀಕರು ಪ್ರಬಂಧದ ಲೇಖಕರಾಗುವುದಿಲ್ಲ. ಆ ನೆರವನ್ನು ಪ್ರಬಂಧದಲ್ಲಿ ಸ್ಮರಿಸಬೇಕು.

3. ತಾತ್ಕಾಲಿಕ ಅರ್ಜಿ: ಪ್ರಯೋಗ ಪೂರ್ಣಗೊಳ್ಳದಿದ್ದರೂ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಸಲ್ಲಿಸಿ, 12 ತಿಂಗಳೊಳಗೆ ಪೂರ್ಣ ವಿವರಣೆ ನೀಡಬಹುದು. ತಾತ್ಕಾಲಿಕ ವಿವರಣೆಯಲ್ಲಿ ಇಲ್ಲದ ಅಂಶಕ್ಕೆ ಆ ಮೊದಲ ದಿನಾಂಕದ ರಕ್ಷಣೆ ದೊರೆಯದು. ಕರ್ನಾಟಕವು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಸೇರಿದೆ. ಸಣ್ಣ ಉದ್ದಿಮೆಗಳಿಗೆ ಶುಲ್ಕದಲ್ಲಿ ರಿಯಾಯಿತಿಯೂ ಇದೆ.

4. ಪ್ರಬಂಧ: ಪ್ರಮಾಣ, ಉಷ್ಣಾಂಶ, ಅವಧಿ, ಎಷ್ಟು ಬಾರಿ ಪ್ರಯೋಗ ನಡೆಸಲಾಯಿತು ಎಂಬುದೆಲ್ಲವೂ ಬೇರೊಬ್ಬರು ಮಾಡಿ ನೋಡುವಷ್ಟು ಸ್ಪಷ್ಟವಾಗಿರಬೇಕು. ಒಂದೇ ಪ್ರಬಂಧವನ್ನು ಏಕಕಾಲಕ್ಕೆ ಎರಡು ಪತ್ರಿಕೆಗಳಿಗೆ ಕಳುಹಿಸಬಾರದು.

5. ಪತ್ರಿಕೆಯ ಆಯ್ಕೆ: ಬೆಂಗಳೂರಿನಲ್ಲಿ 1932ರಲ್ಲಿ ಆರಂಭವಾದ ಕರೆಂಟ್ ಸೈನ್ಸ್, ಭಾರತೀಯ ವಿಜ್ಞಾನ ಅಕಾಡೆಮಿಯ ಜರ್ನಲ್ ಆಫ್ ಕೆಮಿಕಲ್ ಸೈನ್ಸಸ್ ಮುಂತಾದವುಗಳಲ್ಲಿ ತಜ್ಞರ ಪರಿಶೀಲನೆಯ ನಂತರವೇ ಪ್ರಬಂಧ ಅಚ್ಚಾಗುತ್ತದೆ. ಹಣ ಕಟ್ಟಿದರೆ ಎರಡು ಮೂರು ದಿನಗಳಲ್ಲಿ ಸ್ವೀಕಾರವೆಂದು ಭರವಸೆ ನೀಡುವ ಪತ್ರಿಕೆಗಳಿಂದ ದೂರವಿರಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗವು ತನ್ನ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿರುವುದರಿಂದ ಪರಿಶೀಲನೆಯ ಹೊಣೆ ಲೇಖಕರದೇ ಆಗಿದೆ.

ಪ್ರತಿ ವಿಧಾನಕ್ಕೂ ಪೇಟೆಂಟ್ ಬೇಕೆಂದಿಲ್ಲ. ಬೇರಾರೂ ಅದರ ಮೇಲೆ ಹಕ್ಕು ಸ್ಥಾಪಿಸದಿದ್ದರೆ ಸಾಕೆನ್ನುವವರು ನೇರವಾಗಿ ಪ್ರಕಟಿಸಬಹುದು. ಗುಟ್ಟಾಗಿ ಉಳಿಸಿಕೊಳ್ಳಬೇಕೆನ್ನುವವರು ಪ್ರಬಂಧದ ಗೊಡವೆಗೆ ಹೋಗಬಾರದು. ಚಿಕ್ಕಬಳ್ಳಾಪುರವಿರಲಿ, ಗೌರಿಬಿದನೂರಿರಲಿ, ನಮ್ಮ ಉದ್ಯಮಿಗಳು ಈ ಮೂರರಲ್ಲಿ ಒಂದನ್ನು ಸಾರಾಂಶ ಕಳುಹಿಸುವ ಮುನ್ನವೇ ನಿರ್ಧರಿಸಬೇಕು. ಒಮ್ಮೆ ಸಭೆಯಲ್ಲಿ ಆಡಿದ ಮಾತನ್ನು ಹಿಂದಕ್ಕೆ ಪಡೆಯಲಾಗದು.