ವಿಮಾನದ ಭಯ ಈಮಾನಿನ ಕೊರತೆಯೇ?

ಕಿರುಗಾವಲಿನಿಂದ ಮಳವಳ್ಳಿಗೋ ಮೈಸೂರಿಗೋ ಬಸ್ಸಿನಲ್ಲಿ ನಿಶ್ಚಿಂತೆಯಿಂದ ಹೋಗಿಬರುವ ವೃದ್ಧ ತಾಯಿ, ಉಮ್ರಾದ ಟಿಕೆಟು ಕೈಗೆ ಬಂದೊಡನೆ ನಿದ್ದೆಗೆಡುತ್ತಾರೆ. "ಅಲ್ಲಾಹನ ಮನೆಗೆ ಹೊರಟವರಿಗೆ ಭಯವೇ? ನಿಮ್ಮ ಈಮಾನ್ ಇಷ್ಟೇನಾ?" ಎಂದು ಮನೆಯವರು ಅಂದುಬಿಡುತ್ತಾರೆ. ಭಯದ ಮೇಲೆ ಪಾಪಪ್ರಜ್ಞೆಯ ಹೊರೆಯೂ ಬೀಳುತ್ತದೆ. ಈ ಮಾತು ಸರಿಯೇ?

ಪವಿತ್ರ ಕುರ್‌ಆನಿನ ತಾಹಾ ಅಧ್ಯಾಯವನ್ನು ಓದಿ ನೋಡಿ. ಜಾದೂಗಾರರ ಹಗ್ಗ, ಕೋಲುಗಳು ಹರಿದಾಡುವಂತೆ ಕಂಡಾಗ ಪ್ರವಾದಿ ಮೂಸಾ(ಅ)ರ ಮನಸ್ಸಿನಲ್ಲೂ ಭಯ ಮೂಡಿತು. ಅಲ್ಲಾಹನು ಅವರನ್ನು ಗದರಿಸಲಿಲ್ಲ, ಧೈರ್ಯ ತುಂಬಿದನು. ಮನೆಯವರು ಮಾಡಬೇಕಾದುದೂ ಅದನ್ನೇ.

ಭಯಕ್ಕೆ ಕಾರಣವೂ ಇಲ್ಲದಿಲ್ಲ. 2010ರ ಮೇ 22ರಂದು ದುಬೈಯಿಂದ ಮಂಗಳೂರಿಗೆ ಬಂದ ವಿಮಾನ ರನ್‌ವೇ ದಾಟಿ ಕಮರಿಗೆ ಉರುಳಿ 158 ಮಂದಿ ಮೃತಪಟ್ಟರು. ಬದುಕುಳಿದವರು 8 ಮಂದಿ ಮಾತ್ರ. 2025ರ ಜೂನ್ 12ರ ಅಹಮದಾಬಾದ್ ದುರಂತವನ್ನು ಮನೆಮನೆಯಲ್ಲೂ ಮೊಬೈಲಿನಲ್ಲಿ ನೋಡಿದರು. ಏನೂ ಆಗದೆಂದು ಮಾತು ಕೊಡಲು ನಾವು ಯಾರು? ಆದರೆ ಇವು ವರ್ಷಗಟ್ಟಲೆ ನೆನಪಿರುವುದು ಅಪರೂಪವಾದ್ದರಿಂದಲೇ. ನಮ್ಮ ರಸ್ತೆಗಳ ಅಪಘಾತಗಳನ್ನು ಯಾರು ಲೆಕ್ಕವಿಟ್ಟು ನೆನೆಯುತ್ತಾರೆ?

ಒಂಟೆಯನ್ನು ಕಟ್ಟಿ ತವಕ್ಕುಲ್ ಇಡಲೇ, ಬಿಟ್ಟು ಇಡಲೇ ಎಂದು ಕೇಳಿದವನಿಗೆ, ಕಟ್ಟಿಯೇ ಭರವಸೆಯಿಡುವಂತೆ ಪ್ರವಾದಿ(ಸ) ತಿಳಿಸಿದರೆಂದು ತಿರ್ಮಿದಿಯಲ್ಲಿದೆ. ವಿಮಾನದಲ್ಲಿ ಒಂಟೆ ಕಟ್ಟುವುದೆಂದರೆ ಸೀಟಿನ ಬೆಲ್ಟ್ ಕಟ್ಟುವುದು. ಏನೇನು ಆಗುತ್ತದೆಂದು ಮೊದಲೇ ತಿಳಿದುಕೊಳ್ಳುವುದೂ ಹೌದು. ಮೇಲೇರಿದ ಸ್ವಲ್ಪ ಹೊತ್ತಿಗೆ ಎಂಜಿನ್ನಿನ ಸದ್ದು ತಗ್ಗುತ್ತದೆ. ಅದು ಕೆಟ್ಟಿತೆಂದಲ್ಲ, ಏರಲು ಬೇಕಿದ್ದಷ್ಟು ಶಕ್ತಿ ಈಗ ಬೇಕಿಲ್ಲವೆಂದು ತಗ್ಗಿಸಿರುತ್ತಾರೆ. ಗಾಳಿಯ ಏರಿಳಿತಕ್ಕೆ ವಿಮಾನ ಕುಲುಕುತ್ತದೆ, ಕೊರಕಲು ದಾರಿಯಲ್ಲಿ ಎತ್ತಿನಗಾಡಿ ಕುಲುಕಿದ ಹಾಗೆ. ರೆಕ್ಕೆ ಬಾಗುವುದನ್ನು ಕಂಡು ಗಾಬರಿಯಾಗಬೇಡಿ, ಬಾಗುವಂತೆಯೇ ಅದನ್ನು ಕಟ್ಟಿರುತ್ತಾರೆ. ರೆಕ್ಕೆಯ ಸಮೀಪದ ಸೀಟುಗಳಲ್ಲಿ ಕುಲುಕಾಟ ಕಡಿಮೆ. ಇಳಿಯುವಾಗ ಕಿವಿ ಗುಂಯ್‌ಗುಟ್ಟಿದರೆ ಉಗುಳು ನುಂಗಿ, ಎಳೆಗೂಸಿಗೆ ಹಾಲುಣಿಸಿ. ಎದೆ ಹೊಡೆದುಕೊಂಡರೆ ಉಸಿರನ್ನು ನಿಧಾನವಾಗಿ ಹೊರಬಿಡಿ. ಹೃದ್ರೋಗ, ರಕ್ತದೊತ್ತಡ ಇದ್ದವರು ವೈದ್ಯರನ್ನು ಮೊದಲೇ ಕಾಣಲಿ. ಪಕ್ಕದ ಮನೆಯವರು ಕೊಟ್ಟ ನಿದ್ದೆಗುಳಿಗೆ ಮಾತ್ರ ಬೇಡ!

ಪ್ರಯಾಣದ ದುಆವನ್ನು ಅರ್ಥಸಹಿತ ಮನೆಯಲ್ಲೇ ಕಲಿಸಿ. ಅದರ ಮೂಲ ಝುಖ್‌ರುಫ್ ಅಧ್ಯಾಯದ 13 ಮತ್ತು 14ನೇ ಸೂಕ್ತಗಳಲ್ಲಿದೆ. ವಾಹನವನ್ನು ನಮಗೆ ಅಧೀನಪಡಿಸಿದವನು ಅಲ್ಲಾಹನೆಂದೂ ಅದು ನಮ್ಮ ಶಕ್ತಿಯಿಂದಾದುದಲ್ಲವೆಂದೂ ಅದರಲ್ಲಿ ಒಪ್ಪಿಕೊಳ್ಳುತ್ತೇವೆ. ಅವನೆಡೆಗೆ ಮರಳಲಿದ್ದೇವೆಂಬುದನ್ನೂ ಅದು ಮುಚ್ಚಿಡುವುದಿಲ್ಲ. ಅರ್ಥ ತಿಳಿಯದೆ ಗಡಿಬಿಡಿಯಲ್ಲಿ ಉಚ್ಚರಿಸಿದರೆ ಈ ನೆಮ್ಮದಿ ಸಿಗುವುದು ಕಷ್ಟ.

ಇನ್ನು ಆ ತಾಯಿಯ ವಿಷಯ. ಕಿಟಕಿ ಬೇಡವೆಂದರೆ ಒಳಗಿನ ಸೀಟಿನಲ್ಲಿ ಕೂರಿಸಿ, ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಳ್ಳಿ. ಮೀಕಾತ್ ಸಮೀಪಿಸುವಾಗ ತಲ್ಬಿಯಾವನ್ನು ಅವರೊಂದಿಗೆ ನೀವೂ ಮೆಲ್ಲನೆ ಹೇಳಲಾರಂಭಿಸಿ.