ಮನೆಗೊಂದು ಸ್ಟೀರಿಯೋ

ಇಂದು ಸಂಗೀತವು ಅಂಕಿಗಳ ರೂಪದಲ್ಲಿ ಮನೆಗೆ ಬರುತ್ತದೆ. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆದಿಟ್ಟಿರುತ್ತಾರೆ. ಮನುಷ್ಯನ ಕಿವಿಗೆ ಕೇಳುವ ಅತ್ಯುಚ್ಚ ಕಂಪನ ಸೆಕೆಂಡಿಗೆ ಸುಮಾರು 20,000; ಅದರ ಇಮ್ಮಡಿಗಿಂತ ಹೆಚ್ಚು ಅಳತೆಗಳಿದ್ದರೆ ಧ್ವನಿಯನ್ನು ಮರಳಿ ಕಟ್ಟಬಹುದು. ಆದುದರಿಂದ ಇದಕ್ಕೂ ದೊಡ್ಡ ಅಂಕಿ ತೋರಿಸುವ ಯಂತ್ರಕ್ಕೆ ಹಣ ಸುರಿಯುವದು ವ್ಯರ್ಥವೆಂದೇ ನನ್ನ ಮತ. ಆ ಹಣ ಸ್ಪೀಕರಿಗೆ ಸಲ್ಲಲಿ.

ಹುಬ್ಬಳ್ಳಿ-ಧಾರವಾಡದ ನಾವು ಕೇಳಬಯಸುವದಾದರೂ ಏನನ್ನು? ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ ಇವರ 1930ರ ದಶಕದ ಗ್ರಾಮಫೋನ್ ತಟ್ಟೆಗಳು ಮಗ್ಗಲಿಗೆ ಸುಮಾರು ಮೂರು ನಿಮಿಷದವು, ಎಲ್ಲವೂ ಮೋನೋ. ಎಡ-ಬಲವೆಂಬ ಭೇದ ಅವುಗಳಲ್ಲಿಲ್ಲ. ಅಂಥ ಮುದ್ರಣವನ್ನು ಹಚ್ಚಿ, ಎರಡೂ ಸ್ಪೀಕರುಗಳಿಗೆ ಸಮದೂರದಲ್ಲಿ ಕುಳಿತರೆ ಗಾಯಕರು ನಟ್ಟನಡುವೆ ಹಾಡಿದಂತೆ ಕೇಳಬೇಕು. ಧ್ವನಿ ಅತ್ತಿತ್ತ ಚೆದರಿದರೆ ಸ್ಪೀಕರುಗಳು ಸರಿಜೋಡಿಯಲ್ಲ, ಇಲ್ಲವೆ ಒಂದರ ತಂತಿ ತಿರುವುಮುರುವಾಗಿದೆ. ಹಳೆಯ ತಟ್ಟೆ ಎಂಥ ಒಳ್ಳೆಯ ಪರೀಕ್ಷಕ!

ಅಂಗಡಿಗೆ ಹೋಗುವಾಗ ಚೆನ್ನಾಗಿ ಪರಿಚಯವಿರುವ ಗಾಯನವನ್ನೇ ಒಯ್ಯಿರಿ. ಗಂಗೂಬಾಯಿಯವರ ನಂತರದ ವರುಷಗಳ ತುಂಬುಗಂಟಲು, ಡಗ್ಗಾದ ಗುಮಕು, ತಂಬೂರಿಯ ಝೇಂಕಾರ, ಈ ಮೂರೂ ಒಂದರಲ್ಲೊಂದು ಕಲೆಯದೆ ಕೇಳಬೇಕು. ಹಲವು ಯಂತ್ರಗಳು ಡಗ್ಗಾವನ್ನು ಡೊಳ್ಳು ಮಾಡಿಬಿಡುತ್ತವೆ. ಮಾರುವವರು ಅದನ್ನೇ ಹೊಗಳುವದುಂಟು. ಗಟ್ಟಿಯಾಗಿ ಕೇಳುವದೇ ಚೆಲುವೆಂದು ಕಿವಿ ಮೋಸಹೋಗುವದರಿಂದ, ಹೋಲಿಸುವಾಗ ಎರಡೂ ಜೋಡಿಗಳ ಧ್ವನಿಯನ್ನು ಒಂದೇ ಮಟ್ಟದಲ್ಲಿಡಿರಿ.

ಇನ್ನು ಮನೆಯಲ್ಲಿ ಸ್ಪೀಕರನ್ನು ಮೂಲೆಗೆ ಒತ್ತಿದರೆ ಕೆಳಸ್ವರಗಳು ಉಬ್ಬುವವು. ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆ ತಂದು, ಕುಳಿತವರ ಕಿವಿಯ ಎತ್ತರಕ್ಕೆ ಇಡಬೇಕು. ಇದಕ್ಕೆ ಕಾಸಿನ ಖರ್ಚಿಲ್ಲ.